ಕೇಳಿ ಪಡೆಯಬೇಕಾದ ಬಳ್ಳಿ

ಕೂಡ್ಲಿಗಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂಬತ್ತು ವರ್ಷ ಬಾಡಿಗೆಗಿದ್ದ ನರ್ಸಮ್ಮ ತೀರಿಕೊಂಡರೆಂದು ಹೋದ ತಿಂಗಳು ಗೊತ್ತಾಯಿತು. ಹೇಳಿದವಳು ಹರಪನಹಳ್ಳಿಯಿಂದ ಬಂದಿದ್ದ ನನ್ನ ತಂಗಿಯ ನಾದಿನಿ. "ಎಂಬತ್ತು ದಾಟಿತ್ತಂತೆ. ಕೊನೆ ತನಕ ಗಟ್ಟಿ ಇದ್ರಂತೆ. ಮನೆ ತುಂಬ ಗಿಡ ಅದಾವಂತೆ, ಯಾರಿಗೆ ಕೊಡಬೇಕು ಅಂತ ಚೀಟಿ ಬರೆದಿಟ್ಟು ಹೋಗ್ಯಾರಂತೆ" ಎಂದಳು. ನಾನು ಅಳಲಿಲ್ಲ. ಎದ್ದು ಹೋಗಿ ಕಿಟಕಿಯಲ್ಲಿದ್ದ ಗಿಡಗಳ ಎಲೆಗಳನ್ನು ಒದ್ದೆ ಹತ್ತಿಯಿಂದ ಒರೆಸಿದೆ, ಮೇಲೂ ಕೆಳಗೂ. ಅಳುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಹೆರಿಗೆ ಕೋಣೆಯಲ್ಲೂ "ಅಳೂದು ಆಮ್ಯಾಲ ಅಳು, ಈಗ ಮುಕ್ಕರಿ" ಎಂದು ಗದರಿಸುತ್ತಿದ್ದವರು.

ಅವರು ನಮ್ಮ ಮನೆಗೆ ಬಂದಾಗ ನಾನು ಹಡಗಲಿಯಿಂದ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಎಪ್ಪತ್ತರ ದಶಕದ ನಡುವಿನ ಮಾತು. ಸರ್ಕಾರಿ ಆಸ್ಪತ್ರೆಗೆ ಹೊಸದಾಗಿ ಬಂದ ನರ್ಸಿಗೆ ಊರಲ್ಲಿ ಎಲ್ಲೂ ಮನೆ ಸಿಗದೆ, ಡಾಕ್ಟರೇ ನಮ್ಮ ಮಾವನವರ ಹತ್ತಿರ ಬಂದು ಕೇಳಿದ್ದರು. ಮಾವನವರಿಗೆ ಡಾಕ್ಟರ ಎದುರು ಇಲ್ಲವೆನ್ನಲು ಬಾಯಿ ಬರಲಿಲ್ಲ. ಒಳಗೆ ಬಂದು ಹೇಳಿದಾಗ ಅತ್ತೆ ಕೇಳಿದ್ದು ಒಂದೇ ಮಾತು. "ಯಾವ ಪೈಕಿ?" ಮಾವನವರು ಪೇಪರು ಅಡ್ಡ ಹಿಡಿದುಕೊಂಡರು. ಅದೇ ಉತ್ತರವಾಯಿತು.

ನರ್ಸಮ್ಮ ಕೋಗಳಿ ಕಡೆಯವರು. ಅವರ ಕೇರಿಯಲ್ಲಿ ಸಂಬಳದ ಕೆಲಸ ಹಿಡಿದ ಮೊದಲ ಹೆಣ್ಣುಮಗಳು. ಅತ್ತೆ ಕರಾರು ಹಾಕಿಯೇ ಕೋಣೆ ಕೊಟ್ಟರು. ಬೀದಿ ಬಾಗಿಲಿನಿಂದಲೇ ಓಡಾಡಬೇಕು. ಹಿತ್ತಲಿಗೆ ಬರಬಾರದು. ಬಾವಿ ಮುಟ್ಟಬಾರದು, ದಿನಕ್ಕೆ ಎರಡು ಕೊಡ ನೀರನ್ನು ನಾನು ಸೇದಿ, ಅವರ ಕೊಡಕ್ಕೆ ನನ್ನ ಕೊಡ ತಾಗದ ಹಾಗೆ ಮೇಲಿನಿಂದ ಹೊಯ್ಯಬೇಕು. ನಾನು ಅವರ ಕೋಣೆಯೊಳಗೆ ಹೋಗಬಹುದು, ಗೋಡೆ ನಮ್ಮವಲ್ಲವೆ? ಆದರೆ ಅಲ್ಲಿ ಏನೂ ಬಾಯಿಗೆ ಹಾಕಬಾರದು, ಬರುವಾಗ ಕಾಲು ತೊಳೆದುಕೊಂಡು ಬರಬೇಕು. ನಮ್ಮ ಮನೆಯ ಮಡಿ ಹೀಗೆ ತನಗೆ ಅನುಕೂಲವಾದಲ್ಲಿ ಬಗ್ಗುತ್ತಿತ್ತು, ಬೇಡವಾದಲ್ಲಿ ಸೆಟೆದು ನಿಲ್ಲುತ್ತಿತ್ತು.

ಅವರು ಎಲ್ಲ ಕೇಳಿಸಿಕೊಂಡು "ಗಿಡ ಇಟ್ಕೋಬೌದೇನ್ರಿ?" ಎಂದಷ್ಟೇ ಕೇಳಿದರು.

"ಹಿತ್ತಲಾಗ ಬರಬ್ಯಾಡ ಅಂದೀನಲ್ಲ."

"ಹಿತ್ತಲಾಗಲ್ರಿ ಅಮ್ಮಾರೇ, ಮನ್ಯಾಗ."

ಮನೆಯೊಳಗೆ ಗಿಡ! ಅತ್ತೆಗೆ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ. ನಾನು ಮಲ್ಲಿಗೆಯ ಊರಿನವಳು. ಗಿಡವೆಂದರೆ ಹೊಲದಲ್ಲಿ ಬಿಸಿಲು ಕುಡಿದು ಹೂ ಕೊಡುವಂಥದ್ದು. ಮರುದಿನ ಎತ್ತಿನ ಗಾಡಿಯಲ್ಲಿ ಬಂದ ಸಾಮಾನಿನಲ್ಲಿ ಒಂದು ಟ್ರಂಕು, ಒಂದು ಸ್ಟೋವು, ಉಳಿದದ್ದೆಲ್ಲ ಗಿಡ. ಡಾಲ್ಡಾ ಡಬ್ಬಿಯಲ್ಲಿ, ಹಾಲಿನ ಪುಡಿಯ ಡಬ್ಬಿಯಲ್ಲಿ, ತೂತು ಬಿದ್ದ ಬಕೀಟಿನಲ್ಲಿ. ಎಲ್ಲಕ್ಕಿಂತ ಸೊಂಪಾಗಿ ಬೆಳೆದ ಜರಿಗಿಡ ಇದ್ದದ್ದು ಆಸ್ಪತ್ರೆಯವರು ಬಿಸಾಡಿದ ಬೆಡ್‌ಪ್ಯಾನಿನಲ್ಲಿ. ಅದನ್ನು ಕಂಡು ಅತ್ತೆ ಮೂಗಿಗೆ ಸೆರಗು ಹಿಡಿದುಕೊಂಡು ಒಳಗೆ ಹೋದವರು ಊಟದ ಹೊತ್ತಿನ ತನಕ ಹೊರಗೆ ಬರಲಿಲ್ಲ. ಅಷ್ಟೂ ಗಿಡದಲ್ಲಿ ಮುಡಿಯುವ ಹೂ ಒಂದಿಲ್ಲ, ತಿನ್ನುವ ಕಾಯಿ ಒಂದಿಲ್ಲ. ಬರೀ ಎಲೆ.

"ನೆಲದಾಗ ಹಚ್ಚಿದ್ರ ಮನಿ ಮಾಲಕರದಾಗತೈತಿ ತಂಗಿ. ಡಬ್ಬ್ಯಾಗ ಹಚ್ಚಿದ್ರ ನಂದು. ಎದ್ದು ಹೋಗಂದ್ರ ಎತ್ತಿಕೊಂಡು ಹೋಗತೀನಿ" ಎಂದು ಅವರು ಮೊದಲ ವಾರವೇ ನನಗೆ ಹೇಳಿದ್ದರು. ಹಗರಿಬೊಮ್ಮನಹಳ್ಳಿಯಲ್ಲಿದ್ದಾಗ ಮೂರು ಮನೆಯಿಂದ ಹಾಗೆ ಎತ್ತಿಕೊಂಡು ಹೋಗಿದ್ದರಂತೆ.

ನಮ್ಮದು ಮಣ್ಣಿನ ಮಾಳಿಗೆ ಮನೆ. ಆ ಕೋಣೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಮಾತ್ರ. ಅದರಿಂದ ತಟ್ಟೆಯಗಲದ ಬಿಸಿಲು ಬೀಳುತ್ತಿತ್ತು. ಬೆಳಿಗ್ಗೆ ಪಡುವಣ ಗೋಡೆಯ ಮೇಲೆ ಹುಟ್ಟಿ, ಇಳಿದು, ನೆಲ ದಾಟಿ, ಸಂಜೆಗೆ ಮೂಡಣ ಗೋಡೆ ಹತ್ತಿ ಹೋಗುತ್ತಿತ್ತು. ನರ್ಸಮ್ಮ ಬಂದ ನಾಲ್ಕು ದಿನ ಏನೂ ಮಾಡದೆ ಅದನ್ನೇ ನೋಡುತ್ತ ಕೂತರು. ಐದನೆಯ ದಿನ ಆಸ್ಪತ್ರೆಯ ರೋಗಿಗಳ ಹಾಗೆ ಗಿಡಗಳಿಗೆ ಪಾಳಿ ಹಚ್ಚಿದರು. ಒಂಬತ್ತಕ್ಕೆ ಗೋಡೆಯ ಗೂಡಿನವು, ಹತ್ತೂವರೆಗೆ ಟ್ರಂಕಿನ ಮೇಲಿನವು, ಹನ್ನೆರಡರ ಬಿಸಿಲಿಗೆ ಗಟ್ಟಿ ಜಾತಿಯವು, ಮೂರರ ನಂತರ ಜರಿಗಿಡ. ಡಬ್ಬಿಗಳನ್ನು ದಿನಾ ಕಾಲು ಸುತ್ತು ತಿರುಗಿಸಬೇಕು, ಇಲ್ಲದಿದ್ದರೆ ಕುತ್ತಿಗೆ ಸೊಟ್ಟಗಾಗುತ್ತದೆ. ಅವರು ಡ್ಯೂಟಿಗೆ ಹೋದಾಗ ಈ ಪಾಳಿ ನಡೆಸುವ ಕೆಲಸ ನನ್ನ ಪಾಲಿಗೆ ಬಂತು. "ನೀ ಹೆಂಗೂ ಒಳಗ ಬರಬೌದಲ್ಲ" ಎಂದು ನಕ್ಕರು.

ಆ ಗೂಡು ಹಿಂದೆ ದೇವರ ಗೂಡಾಗಿತ್ತು. ಅದರಲ್ಲಿ ಗಿಡ ಇಟ್ಟದ್ದನ್ನು ಅತ್ತೆ ಹೊಸ್ತಿಲಾಚೆಯಿಂದ ಇಣುಕಿ ನೋಡಿದರು.

"ದೇವರಿಡೂ ಜಾಗದಾಗ ಅದೇನದು?"

"ಬೆಳಕು ಅಲ್ಲಿಗೆ ಚೊಲೊ ಬರತೈತ್ರಿ ಅಮ್ಮಾರೇ. ದೇವರಿಗೆ ಬೆಳಕು ಬೇಕಾಗಂಗಿಲ್ಲ, ಇದಕ್ಕ ಬೇಕು."

ಅತ್ತೆ ಒಳಗೆ ಬಂದು ನನ್ನ ಮೇಲೆ ಹರಿಹಾಯ್ದರು.

ನೀರಿನ ವಿಷಯದಲ್ಲಿ ನರ್ಸಮ್ಮ ಇನ್ನೂ ಕಟ್ಟುನಿಟ್ಟು. ನಮ್ಮ ಬಾವಿಯದು ಸವುಳು ನೀರು. ತಾಮ್ರದ ಕೊಡದೊಳಗೆ ಬಿಳಿ ಪೊರೆ ಕಟ್ಟುತ್ತಿತ್ತು. ಆ ನೀರನ್ನು ಅವರು ಗಿಡಕ್ಕೆ ಮುಟ್ಟಿಸುತ್ತಿರಲಿಲ್ಲ. ಆಸ್ಪತ್ರೆಯ ನಲ್ಲಿ ನೀರಿನಲ್ಲಿ ಸೂಜಿ, ಸಿರಿಂಜು ಕುದಿಸುತ್ತಾರಲ್ಲ, ಕುದಿಸಿ ತಣಿದ ಆ ನೀರನ್ನು ತಿಳಿ ಬಸಿದು ಖಾಲಿ ಸಲೈನು ಬಾಟಲಿಯಲ್ಲಿ ತುಂಬಿ ತರುತ್ತಿದ್ದರು. ಲಸಿಕೆ ಹಾಕಲು ಹಳ್ಳಿಗಳಿಗೆ ಹೋಗುವಾಗ ಅದೇ ಬಾಟಲಿಗಳನ್ನು ಮೊಳೆಗೆ ತಲೆಕೆಳಗಾಗಿ ತೂಗುಹಾಕಿ, ರಬ್ಬರಿನ ನಳಿಗೆಯಿಂದ ಬುಡಕ್ಕೆ ಹನಿ ಬಿಡುತ್ತಿದ್ದರು, ನಿಮಿಷಕ್ಕೆ ನಾಲ್ಕು. ಗಿಡಕ್ಕೆ ಗ್ಲೂಕೋಸು ಏರಿಸಿದ್ದಾರೆಂದು ಓಣಿಯಲ್ಲೆಲ್ಲ ಸುದ್ದಿಯಾಯಿತು. ಹಿಂದಿನ ಓಣಿಯ ಮುದುಕನೊಬ್ಬ ಬಂದು, ತನ್ನ ಎತ್ತು ಮೇವು ಬಿಟ್ಟಿದೆ, ಅದಕ್ಕೂ ಒಂದು ಬಾಟಲಿ ಏರಿಸಬೇಕೆಂದು ಕೈ ಮುಗಿದು ನಿಂತ. ನರ್ಸಮ್ಮ ನಗಲಿಲ್ಲ. ಹೋಗಿ ಎತ್ತಿನ ಬಾಯಿ ಬಿಡಿಸಿ ನೋಡಿ, ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದ ಜೋಳದ ದಂಟಿನ ಸಿಬಿರು ಕಿತ್ತು ಬಂದರು.

ಅವರು ಕುಳ್ಳಗೆ, ಕಪ್ಪಗೆ, ಗಟ್ಟಿಮುಟ್ಟಾಗಿದ್ದರು. ಬಿಳಿ ಸೀರೆ, ಎದೆಗೆ ಪಿನ್ನು ಹಾಕಿದ ಗಡಿಯಾರ. ಹರಿದ ಎಲೆಗೆ ಅಂಟುಪಟ್ಟಿ, ಮುರಿದ ಟೊಂಗೆಗೆ ಕಡ್ಡಿ ಕೊಟ್ಟು ಬ್ಯಾಂಡೇಜು. ಭಾನುವಾರ ಎಲೆ ಒರೆಸುವ ದಿನ. ಹೈವೇ ಲಾರಿಗಳ ಧೂಳು ಆ ಕತ್ತಲ ಕೋಣೆಗೂ ಬರುತ್ತಿತ್ತು. "ಹಿಂದ್ಲ ಬದಿನೂ ಒರಸು ತಂಗಿ, ಉಸಿರಾಡೂದು ಅಲ್ಲಿಂದ" ಎನ್ನುತ್ತಿದ್ದರು.

ಇಷ್ಟೇ ಆಗಿದ್ದರೆ ಅವರು ನನ್ನ ನೆನಪಿನಲ್ಲಿ ಗಿಡದ ಹುಚ್ಚಿನ ಹೆಂಗಸಾಗಿ ಉಳಿಯುತ್ತಿದ್ದರೇನೋ. ಆದರೆ ಅವರದೊಂದು ಪದ್ಧತಿ ಇತ್ತು. ಯಾವ ಗಿಡ ಹೊಸ ಎಲೆ ಬಿಟ್ಟರೂ ಅಂದು ಸಂಜೆ ತಾಟಿನಲ್ಲಿ ಬೆಲ್ಲ, ಹುರಿದ ಕಡಲೆಯ ಪುಟಾಣಿ ಹಾಕಿಕೊಂಡು ಬೀದಿ ಬಾಗಿಲಿನ ಕಟ್ಟೆಯ ಮೇಲೆ ಕೂರುತ್ತಿದ್ದರು. ಹಾದು ಹೋಗುವವರಿಗೆಲ್ಲ ಒಂದು ಹಿಡಿ. "ದವಾಖಾನ್ಯಾಗ ಗಂಡು ಹುಟ್ಟಿದ್ರ ಸಕ್ರಿ ಹಂಚತಾರ, ಹೆಣ್ಣು ಹುಟ್ಟಿದ್ರ ಮಕ ತಿರುವತಾರ. ನೋಡಿ ನೋಡಿ ಸಾಕಾಗೇತಿ. ನಮ್ಮನ್ಯಾಗ ಏನು ಹುಟ್ಟಿದ್ರೂ ಹಂಚೂದು" ಎನ್ನುತ್ತಿದ್ದರು. ಸೈಕಲ್ ಅಂಗಡಿಯ ಸಾಬರು ತಿಂದರು, ಪೋಸ್ಟಿನವನು ತಿಂದ, ಶಾಲೆ ಮುಗಿಸಿ ಬಂದ ಮಕ್ಕಳು ಮುಗಿಬಿದ್ದು ತಿಂದರು.

ನಮ್ಮ ಮನೆಯಲ್ಲಿ ಮಾತ್ರ ಯಾರೂ ತಿನ್ನಲಿಲ್ಲ. ಹಂಚುವುದು ಮುಗಿದ ಮೇಲೆ ಅವರು ಪ್ರತಿ ಸಲವೂ ತಾಟು ಹಿಡಿದು ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

"ಅಮ್ಮಾರೇ, ಎಲಿ ಬಂದೈತ್ರಿ. ಬಾಯಿ ಸಿಹಿ ಮಾಡ್ರಿ."

"ಇವತ್ತು ಸೋಮಾರ, ಒಪ್ಪತ್ತು ನಂದು" ಎನ್ನುತ್ತಿದ್ದರು ಅತ್ತೆ. ಸೋಮವಾರವಲ್ಲದಿದ್ದರೆ ಶನಿವಾರ, ಶನಿವಾರವಲ್ಲದಿದ್ದರೆ ಹಲ್ಲುನೋವು. ವರ್ಷಕ್ಕೆ ಹತ್ತಾರು ಎಲೆ, ಹತ್ತಾರು ನೆಪ. ನರ್ಸಮ್ಮ ಒಂದು ಸಲವೂ ಮುಖ ಗಂಟಿಕ್ಕಲಿಲ್ಲ, ಒಂದು ಸಲವೂ ಬರುವುದನ್ನು ಬಿಡಲಿಲ್ಲ. "ಆತ್ರಿ, ಮುಂದಿನೆಲಿಗೆ ಬರತೀನಿ" ಎಂದು ತಿರುಗುತ್ತಿದ್ದರು. ಇದೇ ಓಣಿಯ ಮನೆಗಳವರು ಹೆರಿಗೆ ನೋವೆದ್ದರೆ ಓಡಿ ಬಂದು ಅವರ ಕೈ ಹಿಡಿದು ಒಳಕೋಣೆಗೆ ಕರೆದೊಯ್ಯುತ್ತಿದ್ದರು. ಕೂಸು ಹುಟ್ಟಿದ ಮೇಲೆ ನರ್ಸಮ್ಮ ನಿಂತ ನೆಲವನ್ನು ಸಾರಿಸುತ್ತಿದ್ದರು. ಇದೆಲ್ಲ ಅವರಿಗೆ ಗೊತ್ತಿತ್ತು. ತಾಟು ಹಿಡಿದು ಬರುತ್ತಿದ್ದದ್ದು ಗೊತ್ತಿದ್ದೇ.

ನಾನೂ ತಿನ್ನಲಿಲ್ಲ. ಅತ್ತೆಯ ಹೆದರಿಕೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಅತ್ತೆ ಇಲ್ಲದ ದಿನವೂ ನನ್ನ ಕೈ ಆ ತಾಟಿನ ಕಡೆ ಹೋಗಲಿಲ್ಲ. ಅವರ ಗಿಡ ಮುಟ್ಟುತ್ತಿದ್ದೆ, ಡಬ್ಬಿ ತಿರುಗಿಸುತ್ತಿದ್ದೆ, ಪುಟಾಣಿ ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲವೆನಿಸುತ್ತಿತ್ತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಆಗಲಿ.

ಐದಾರು ವರ್ಷ ಕಳೆದಿರಬೇಕು. ಅಷ್ಟರಲ್ಲಿ ಅವರ ಮನಿ ಪ್ಲಾಂಟು ಕೋಣೆಯ ನಾಲ್ಕೂ ಗೋಡೆ ಸುತ್ತಿ ಬೆಳಕಿಂಡಿಗೆ ಮುಟ್ಟಿತ್ತು. ಒಂದು ದಿನ ಯಾರೋ ಎಂಜಿನಿಯರ ಹೆಂಡತಿ ಅದನ್ನು ನೋಡಿ ಬೆರಗಾಗಿ, ಆಮೇಲೆ ನಮ್ಮ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತ ಅತ್ತೆಗೆ ಹೇಳಿದಳು: ಆ ಬಳ್ಳಿ ಇದ್ದ ಮನೆಗೆ ಲಕ್ಷ್ಮಿ ಬರುತ್ತಾಳೆ, ಆದರೆ ಕೇಳಿ ತಂದರೆ ಹತ್ತುವುದಿಲ್ಲ, ಕದ್ದೇ ತರಬೇಕು.

ಅತ್ತೆಗೆ ಇದು ಬಹಳ ಹಿಡಿಸಿತು. ನರ್ಸಮ್ಮನ ಕೈಯಿಂದ ಇಸಕೊಂಡರೆ ಮೈಲಿಗೆ, ಕದ್ದರೆ ಶಾಸ್ತ್ರ. ಮರುದಿನವೇ ನನ್ನನ್ನು ಕಳಿಸಿದರು. ಹತ್ತೂವರೆಯ ಪಾಳಿ ಬದಲಿಸುವ ನೆಪದಲ್ಲಿ ಒಂದು ಗೇಣು ಚಿವುಟಿಕೊಂಡು ಬಂದೆ. ಅತ್ತೆ ಅದನ್ನು ಹಿತ್ತಲಿನ ತುಳಸಿಕಟ್ಟೆಯ ಪಕ್ಕ, ಉರಿಬಿಸಿಲಿನಲ್ಲಿ, ನೆಲಕ್ಕೆ ನೆಟ್ಟು ಬಾವಿಯ ನೀರು ಹೊಯ್ದರು. ಅದು ಮೂರೇ ದಿನಕ್ಕೆ ಸುಟ್ಟುಹೋಯಿತು. ಗಿಡಕ್ಕೆ ಬಿಸಿಲು ಹೆಚ್ಚಾದೀತು ಎಂಬುದನ್ನು ಆ ಮನೆಯಲ್ಲಿ ಯಾರು ಕೇಳಿದ್ದರು? ಎರಡನೆಯ ಸಲವೂ ಕದ್ದೆ. ಅದೂ ಹೋಯಿತು. "ನಿನ್ನ ಕೈಗುಣ ಸರಿ ಇಲ್ಲ" ಎಂದು ಮೂರನೆಯ ಸಲ ಅತ್ತೆ ತಾವೇ ಹೋದರು.

ಅಂದು ನರ್ಸಮ್ಮ ಮಧ್ಯಾಹ್ನವೇ ಮನೆಗೆ ಬಂದರು. ನಾನು ಹೊಸ್ತಿಲಲ್ಲಿ ಕಾವಲಿದ್ದೆ, ಅವರನ್ನು ಕಂಡು ಪಕ್ಕಕ್ಕೆ ಸರಿದೆ. ಅತ್ತೆ ಸೆರಗಿನೊಳಗೆ ಬಳ್ಳಿ ಹಿಡಿದು ನಿಂತಿದ್ದರು.

"ಅಮ್ಮಾರೇ," ಎಂದರು ನರ್ಸಮ್ಮ, ದನಿ ಏರಿಸದೆ. "ಮೊದಲನೇದು ಹೋದಾಗೂ ನನಗ ಗೊತ್ತಾತು, ಎರಡನೇದು ಹೋದಾಗೂ ಗೊತ್ತಾತು. ಬಳ್ಳಿ ಬೇಕಂದ್ರ ಒಯ್ರಿ. ಕದ್ದು ಬ್ಯಾಡ. ಕೇಳಿ ಒಯ್ರಿ."

"ಕೇಳಿ ತಂದ್ರ ಹತ್ತಂಗಿಲ್ಲಂತ."

"ಕದ್ದದ್ದು ಹತ್ತೇತೇನ್ರಿ?"

ಅತ್ತೆಯ ಮುಖ ಕೆಂಪಗಾಯಿತು. ಬಳ್ಳಿ ಅಲ್ಲೇ ಬಿಸಾಕಿ ಬಂದು, ತಲೆ ಮೇಲೆ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಪಡಸಾಲೆಯಿಂದ ಕೂಗಿ ಹೇಳಿದರು. "ಯುಗಾದಿಗೆ ಕ್ವಾಣಿ ಖಾಲಿ ಮಾಡಬೇಕು ನೀನು."

ಯುಗಾದಿಗೆ ಮೂರು ವಾರವಿತ್ತು. ನರ್ಸಮ್ಮ ದಿನಾ ಸಂಜೆ ಡ್ಯೂಟಿ ಮುಗಿಸಿ ಮನೆ ಹುಡುಕಿದರು. ಏಳು ಮನೆಯವರು ಇಲ್ಲವೆಂದರು. ಆ ಏಳರಲ್ಲಿ ನಾಲ್ಕು ಮನೆಯ ಕೂಸುಗಳು ಅವರ ಕೈಯಲ್ಲೇ ಹುಟ್ಟಿದ್ದವು. ಯಾವ ಪೈಕಿ ಎಂದು ಯಾಕೆ ಹೇಳುತ್ತೀರಿ, ಸುಮ್ಮನೆ ಬೇರೆ ಏನಾದರೂ ಹೇಳಬಾರದೆ ಎಂದು ನಾನು ಕೇಳಿದೆ.

"ಸುಳ್ಳು ಹೇಳಿ ಒಳಗ ಹ್ವಾದ್ರ ದಿನಾ ಅದಕ್ಕ ನೀರು ಹಾಕ್ಕೋತ ಇರಬೇಕು ತಂಗಿ. ನನಗ ಇವಕ್ಕ ಹಾಕಾಕಽ ಹೊತ್ತು ಸಾಲಂಗಿಲ್ಲ."

ಅತ್ತೆಯ ಹತ್ತಿರ ಹೋಗಿ ತಪ್ಪಾಯಿತೆನ್ನಿ ಎಂದೂ ಹೇಳಿದೆ. "ಕದ್ದಾಕಿ ನಾನೇನು?" ಎಂದರು. ಅದಾದ ಮೇಲೆ ನಾನು ಆ ಮಾತೆತ್ತಲಿಲ್ಲ.

ಯುಗಾದಿಗೆ ನಾಲ್ಕು ದಿನ ಇರುವಾಗ ಜರಿಗಿಡ ಸುರುಳಿ ಬಿಚ್ಚಿ ಹೊಸ ಎಲೆ ಬಿಟ್ಟಿತು. ಸಂಜೆ ನರ್ಸಮ್ಮ ಎಂದಿನಂತೆ ಕಟ್ಟೆಯ ಮೇಲೆ ಹಂಚಿ, ಎಂದಿನಂತೆ ತಾಟು ಹಿಡಿದು ನಮ್ಮ ಬಾಗಿಲಿಗೆ ಬಂದರು.

ಅತ್ತೆ ದಂಗಾದರು. "ಕ್ವಾಣಿ ಖಾಲಿ ಮಾಡಂತ ಹೇಳೀನಲ್ಲ. ಮತ್ತ್ಯಾಕ ತಂದೀ ಇದನ್ನ?"

"ನೀವು ನನಗ ಹೇಳೀರಿ. ಗಿಡಕ್ಕೇನು ಗೊತ್ರಿ? ಎಲಿ ಬಂದೈತಿ, ಬಾಯಿ ಸಿಹಿ ಮಾಡ್ರಿ."

ನಾಲ್ಕು ದಿನಕ್ಕೆ ಬೀದಿಗೆ ಬೀಳುವ ಹೆಂಗಸು ತಾಟನ್ನು ನೆಟ್ಟಗೆ ಹಿಡಿದುಕೊಂಡು ನಿಂತಿದ್ದಳು. ನನಗೆ ಏನಾಯಿತೋ ಈಗಲೂ ಹೇಳಲಾರೆ. ಧೈರ್ಯ ಬಂತೆಂದರೆ ಸುಳ್ಳಾದೀತು. ನಾಚಿಕೆ ತಡೆಯಲಾಗದಷ್ಟು ಹೆಚ್ಚಿತು, ಅಷ್ಟೇ. ಹೋಗಿ ತಾಟಿಗೆ ಕೈ ಹಾಕಿ ಒಂದು ಹಿಡಿ ತುಂಬ ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ. ಗಂಟಲಲ್ಲಿ ಸಲೀಸಾಗಿ ಇಳಿಯಿತು.

ನರ್ಸಮ್ಮ ನನ್ನನ್ನು ಹೊಗಳಲಿಲ್ಲ, ಕಣ್ಣಲ್ಲಿ ನೀರನ್ನೂ ತಂದುಕೊಳ್ಳಲಿಲ್ಲ. "ನಾಳಿ ಹತ್ತೂವರಿ ಪಾಳಿ ಮರೀಬ್ಯಾಡ ತಂಗಿ, ನಾ ಗುಡೇಕೋಟಿ ಕಡೆ ಹೋಗತೀನಿ" ಎಂದು ಹೊರಟುಹೋದರು.

"ಇನ್ನ ನೀ ಒಲಿ ಮುಟ್ಟಬ್ಯಾಡ" ಎಂದರು ಅತ್ತೆ.

"ಆತ್ರಿ" ಎಂದೆ. ಮೂರು ದಿನ ಪಡಸಾಲೆಯಲ್ಲಿ ಕಾಲು ಚಾಚಿ ಕೂತೆ. ಮಂಡಿನೋವಿನ ಅತ್ತೆ ನೆಲದ ಒಲೆಯ ಮುಂದೆ ಏಳಲಾರದೆ ಕೂರಲಾರದೆ ರೊಟ್ಟಿ ಬಡಿದರು. ಮಾವನವರು ಸೀದುಹೋದ ರೊಟ್ಟಿಯನ್ನು ಮಾತಾಡದೆ ತಿಂದರು. ಮೊದಲಿನ ನಾನಾಗಿದ್ದರೆ ಆ ರಾತ್ರಿಯೇ ಹೋಗಿ ಕಾಲು ಹಿಡಿಯುತ್ತಿದ್ದೆ. ಆದರೆ ಪಟ್ಟು ಹಿಡಿದು ಕೂರುವುದು ಹೇಗೆಂದು ಆರು ವರ್ಷ ದಿನಾ ನೋಡಿ ಕಲಿತಿದ್ದೆ. ಯುಗಾದಿಯ ಬೆಳಿಗ್ಗೆ ಅತ್ತೆ ಬಾಗಿಲಿಗೆ ಬಂದು, ಗೋಡೆಗೆ ಹೇಳುವಂತೆ, "ಹೋಳಿಗಿ ಯಾರು ಮಾಡವರು?" ಎಂದರು.

"ಕ್ವಾಣಿ ಮಾತು ಎತ್ತಂಗಿಲ್ಲಂದ್ರ ನಾ ಮಾಡತೀನ್ರಿ."

ಅತ್ತೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ನಾನು ಎದ್ದು ಹೂರಣ ರುಬ್ಬಿದೆ. ಕೋಣೆಯ ಮಾತು ಮತ್ತೆ ಬರಲಿಲ್ಲ. ಬಾವಿಯ ನೀರನ್ನು ಆವತ್ತಿನಿಂದ ಕೊಡಕ್ಕೆ ಕೊಡ ತಾಗಿಸಿಯೇ ಹೊಯ್ದೆ.

ಅತ್ತೆ ಮಾತ್ರ ತಿನ್ನಲಿಲ್ಲ. ಮತ್ತೆ ಮೂರು ವರ್ಷ ಸೋಮವಾರ, ಶನಿವಾರ, ಹಲ್ಲುನೋವು. ಮತ್ತೆ ಮೂರು ವರ್ಷ "ಮುಂದಿನೆಲಿಗೆ ಬರತೀನಿ."

ಆಮೇಲೆ ನರ್ಸಮ್ಮನಿಗೆ ಹರಪನಹಳ್ಳಿಗೆ ವರ್ಗವಾಯಿತು. ಹೊರಟ ದಿನ ಶೇಂಗಾ ಲಾರಿಯೊಂದು ಖಾಲಿ ಹೋಗುವುದಿತ್ತು, ಅದರಲ್ಲಿ ಗಿಡಗಳನ್ನು ಏರಿಸಿದರು. ಗಾಳಿಗೆ ಎಲೆ ಹರಿಯದಂತೆ ಒದ್ದೆ ಸೀರೆ ಹೊದಿಸಿದರು. ನನಗೆ ಬೇರು ಬಿಟ್ಟ ಮನಿ ಪ್ಲಾಂಟಿನ ಒಂದು ಡಬ್ಬಿ ತೋರಿಸಿ ಸುಮ್ಮನೆ ನಿಂತರು. ನನಗೆ ಅರ್ಥವಾಯಿತು. "ನನಗೊಂದು ಗಿಡ ಕೊಡ್ರಿ ಅಕ್ಕಾರ" ಎಂದು ಬಾಯಿಬಿಟ್ಟು ಕೇಳಿದೆ. ಕೊಟ್ಟರು.

ಅಷ್ಟರಲ್ಲಿ ಅತ್ತೆ ಗೋಡೆ ಹಿಡಿದುಕೊಂಡು ಬೀದಿ ಬಾಗಿಲಿಗೆ ಬಂದರು. ಲಾರಿಯ ಹತ್ತಿರ ಇನ್ನೊಂದು ಡಬ್ಬಿ ಉಳಿದಿತ್ತು.

"ಆತು, ನನಗೂ ಒಂದು ಕೊಟ್ಟು ಹೋಗು. ಕೇಳಾಕತ್ತೀನಿ."

ನರ್ಸಮ್ಮ ಕಟ್ಟೆಯ ಮೇಲಿದ್ದ ತಾಟು ಎತ್ತಿ ಮುಂದೆ ಹಿಡಿದರು. ಅಂದು ಎಲೆ ಬಂದಿರಲಿಲ್ಲ. ಊರು ಬಿಡುವ ದಿನವೆಂದು ಹಂಚಿದ್ದರು.

ಅತ್ತೆ ತಾಟು ನೋಡಿದರು, ಡಬ್ಬಿ ನೋಡಿದರು. "ಇವತ್ತು ಸೋಮಾರ" ಎಂದರು. ಅಂದು ನಿಜವಾಗಿಯೂ ಸೋಮವಾರವಾಗಿತ್ತು.

"ಹಂಗಾರ ಇರಲಿ ಬಿಡ್ರಿ" ಎಂದು ನರ್ಸಮ್ಮ ಆ ಡಬ್ಬಿಯನ್ನೂ ಲಾರಿಗೆ ಏರಿಸಿದರು. "ಹರಪನಹಳ್ಳ್ಯಾಗೂ ನನಗ ಮನಿ ಇರತೈತಿ. ಯಾವಾಗ ಬೇಕಾದ್ರೂ ಬರ್ರಿ ಅಮ್ಮಾರೇ."

ಕೊಟ್ಟುಬಿಡಬಹುದಿತ್ತು, ಹೋಗುವ ಹೊತ್ತಿನಲ್ಲಿ ಎಷ್ಟು ಹಠ ಎಂದು ಓಣಿಯವರು ಆಡಿಕೊಂಡರು. ನನಗೆ ಹಾಗೆನಿಸಲಿಲ್ಲ. ಒಂಬತ್ತು ವರ್ಷ ಹಿಡಿದ ತಾಟನ್ನು ಕೊನೆಯ ದಿನ ಕೆಳಗಿಳಿಸಲು ಅವರಿಗೆ ಮನಸ್ಸಾಗಲಿಲ್ಲ, ಸರಿಯಾಗಿಯೇ ಮಾಡಿದರು. ಲಾರಿ ಹೋದ ಮೇಲೆ ಅತ್ತೆ "ಸೊಕ್ಕು ನೋಡು ಆಕೀಗೆ" ಎಂದರು. "ಹೌದ್ರಿ, ಐತಿ" ಎಂದೆ.

ಏಳೆಂಟು ತಿಂಗಳ ನಂತರ ಅತ್ತೆ ಹರಪನಹಳ್ಳಿಯ ಹತ್ತಿರದ ನೀಲಗುಂದದಲ್ಲಿ ತಮ್ಮ ದೊಡ್ಡಪ್ಪನ ಮೊಮ್ಮಗಳ ಮದುವೆ ಎಂದು ಒಬ್ಬರೇ ಬಸ್ ಹತ್ತಿದರು. ಮಂಡಿ ಹಿಡಿದುಕೊಂಡು ನಾಲ್ಕು ಮೆಟ್ಟಿಲು ಹತ್ತಲಾರದವರು ಜೊತೆಗೆ ಯಾರೂ ಬೇಡವೆಂದರು. ಮರುದಿನ ಸಂಜೆ ಬಸ್‌ಸ್ಟ್ಯಾಂಡಿಗೆ ಕರೆತರಲು ಹೋದರೆ, ಅವರ ತೊಡೆಯ ಮೇಲೆ ಹಾಲಿನ ಪುಡಿಯ ಡಬ್ಬಿ, ಡಬ್ಬಿಯಲ್ಲಿ ಮೂರು ಎಲೆಯ ಬಳ್ಳಿ, ಬಳ್ಳಿಯ ಸುತ್ತ ಒದ್ದೆ ಹತ್ತಿ, ಬ್ಯಾಂಡೇಜು. ಬಸ್ಸಿನಿಂದ ಇಳಿಯುವಾಗ ನನ್ನ ಕೈಗೆ ಚೀಲ ಕೊಟ್ಟರು, ಡಬ್ಬಿ ಕೊಡಲಿಲ್ಲ.

ಅರ್ಧ ದಾರಿಗೆ ಬರುವಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ.

"ಕೇಳಿದ್ರೇನ್ರಿ ಅತ್ತಿ?"

"ಕೇಳದಽ ಕೊಡತಾಳೇನು ಆಕಿ?"

ಇನ್ನೂ ಸ್ವಲ್ಪ ದೂರ ನಡೆದೆವು. ಉಳಿದ ಪ್ರಶ್ನೆಯನ್ನು ಕೇಳಲು ನನಗೆ ಧೈರ್ಯವಾಗಲಿಲ್ಲ. ಅತ್ತೆ ನಿಂತು, ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡು, ಮುಖ ಸಿಂಡರಿಸಿದರು.

"ಪುಟಾಣಿ ಮೆತ್ತಗಾಗಿದ್ದುವು. ಇನ್ನಷ್ಟು ಹುರೀಬೇಕಿತ್ತು ಅಂತ ಅಲ್ಲೇ ಹೇಳಿ ಬಂದೀನಿ."